ರಿಪೇರಿ ರಾಯರ ಅರ್ಧ ಗಂಟೆ

ಡೆಟ್ರಾಯಿಟ್ ಸುತ್ತಲಿನ ನೋವಿ, ಕ್ಯಾಂಟನ್, ಟ್ರಾಯ್‌ಗಳಲ್ಲಾಗಲಿ, ಶಿಕಾಗೋ ಕಡೆಯ ನೇಪರ್‌ವಿಲ್, ಶಾಂಬರ್ಗ್‌ಗಳಲ್ಲಾಗಲಿ, ನಾಲ್ಕು ಕನ್ನಡದ ಮನೆಗಳಿದ್ದ ಕಡೆ ಒಬ್ಬ ರಿಪೇರಿ ರಾಯರು ಇರಲೇಬೇಕು. ಅವರ ಹೊಸ ಟೊಯೋಟಾ ಹೊರಗೆ ಹಿಮದಲ್ಲಿ ನಿಂತಿರುತ್ತದೆ. ಗರಾಜಿನೊಳಗಿನ ಬೆಚ್ಚನೆಯ ಜಾಗ 2001ರ ಶೆವರ್ಲೆ ಮಾಲಿಬೂಗೆ ಮೀಸಲು. ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಇವರ ಬಗ್ಗೆ ಹೊರಬಿದ್ದಿರುವ ತೀರ್ಪು ಒಂದೇ: ಜಿಪುಣ. ಈ ತೀರ್ಪು ಲೆಕ್ಕಕ್ಕೆ ನಿಲ್ಲುವುದಿಲ್ಲ. ಆ ಮಾಲಿಬೂಗೆ ರಾಯರು ತಾವೇ ಹಾಕುವ ಇಗ್ನಿಷನ್ ಸ್ವಿಚ್ ಅಗ್ಗದ್ದೇ ಇರಬಹುದು. ಅದನ್ನು ಹಾಕಲೆಂದು ಬಂದ ಮಲ್ಟಿಮೀಟರು, ಟಾರ್ಕ್ ರೆಂಚು, ಸ್ಕ್ಯಾನರು, ಹಣೆಗೆ ಕಟ್ಟುವ ದೀಪ, ಮಂಡಿಯೂರಲು ಮೆತ್ತೆ ಇವನ್ನೆಲ್ಲ ಕೂಡಿದರೆ ಯಾವ ಜಿಪುಣನಿಗೂ ಎದೆನೋವು ಬರಬೇಕು. ನಿಜವಾದ ಜಿಪುಣನಾಗಿದ್ದರೆ ಆ ಗಾಡಿಯನ್ನು ಯಾವತ್ತೋ ಮಾರಿ, ಬಂದ ದುಡ್ಡನ್ನು ಬ್ಯಾಂಕಿಗೆ ಹಾಕಿರುತ್ತಿದ್ದ. ರಾಯರ ಕಾಯಿಲೆ ಬೇರೆ. ಅವರಿಗೆ ದುಡ್ಡು ಬಿಡಲು ಕಷ್ಟವಿಲ್ಲ, ಕೈಯನ್ನು ಸುಮ್ಮನಿಡಲು ಆಗುವುದಿಲ್ಲ.

ಇದಕ್ಕೆ ಮೊದಲ ಸಾಕ್ಷಿ ಅವರು ಕೆಲಸ ಮಾಡುವ ಕ್ರಮ. ಗಾಡಿ ಒಮ್ಮೊಮ್ಮೆ ಸ್ಟಾರ್ಟ್ ಆಗುತ್ತಿಲ್ಲ ಎಂದರೆ ನಮ್ಮೂರಿನ ಯಾವ ಮೆಕ್ಯಾನಿಕ್ಕಾದರೂ ಮೊದಲು ಕೇಳುವುದು, ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೋ ಇಲ್ಲವೋ ಎಂದು. ತಿರುಗದಿದ್ದರೆ ಹುಡುಕಬೇಕಾದದ್ದು ಬ್ಯಾಟರಿ, ಟರ್ಮಿನಲ್, ಗೇರು ಪಾರ್ಕಿನಲ್ಲಿದೆಯೇ ಎಂದು ನೋಡುವ ಸ್ವಿಚ್ಚು, ಸ್ಟಾರ್ಟರ್ ಮೋಟಾರು. ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದಾರಿಯೇ ಬೇರೆ, ಪೆಟ್ರೋಲ್ ಅಥವಾ ಕಿಡಿ. ಈ ಒಂದು ಪ್ರಶ್ನೆಯಿಂದ ಅರ್ಧ ಅನುಮಾನ ಕಳೆದುಹೋಗುತ್ತದೆ, ಅದಕ್ಕೆ ಕಾಸೂ ಬೇಕಿಲ್ಲ, ಕಿವಿ ಇದ್ದರೆ ಸಾಕು. ಆದರೆ ಕೇಳಿಸಿಕೊಳ್ಳುವುದು ಕೈಗೆ ಕೆಲಸ ಕೊಡುವುದಿಲ್ಲವಲ್ಲ! ಆದ್ದರಿಂದ ರಾಯರು ಮೊದಲು ಸ್ವಿಚ್ ತರಿಸುತ್ತಾರೆ, ಹಾಕುತ್ತಾರೆ, ಆಮೇಲೆ ರೋಗ ಯಾವುದು ಎಂದು ಯೋಚಿಸಲು ಕೂರುತ್ತಾರೆ. ಹಾಕುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕೆಂಬ ನಿಯಮವನ್ನು ಪಾಲಿಸುತ್ತಾರೆ, ಮತ್ತೆ ಜೋಡಿಸುವಾಗ ಅದನ್ನು ಬಿಗಿ ಮಾಡುವುದನ್ನು ಮರೆಯುತ್ತಾರೆ. ಸ್ವಿಚ್ ಬದಲಿಸಿದ ಮೇಲೆ ಏಳದ ಹಳೆಯ ಗಾಡಿಗಳಲ್ಲಿ ಸಡಿಲ ಟರ್ಮಿನಲ್, ಪೂರ್ತಿ ಕೂರದ ಕನೆಕ್ಟರ್, ಸುಟ್ಟ ಫ್ಯೂಸ್, ಇಷ್ಟನ್ನು ಮೊದಲು ನೋಡಿದರೆ ಎಷ್ಟೋ ಸಲ ಮುಂದಿನ ರಾಮಾಯಣವೇ ಬೇಕಾಗುವುದಿಲ್ಲ.

ಮಾಲಿಬೂವಿನದು ಇನ್ನೂ ಸೂಕ್ಷ್ಮ. ತೊಂಬತ್ತರ ದಶಕದ ಮಧ್ಯದಿಂದ ಜನರಲ್ ಮೋಟರ್ಸ್ ತನ್ನ ಅನೇಕ ಗಾಡಿಗಳಿಗೆ ಪಾಸ್‌ಲಾಕ್ ಎಂಬ ಕಳ್ಳಕಾವಲನ್ನು ಹಾಕಿತು. ಕೀ ತೂರಿಸುವ ಸಿಲಿಂಡರಿನ ಬಳಿ ಒಂದು ಸೆನ್ಸರ್ ಇರುತ್ತದೆ. ಸರಿಯಾದ ಕೀ ತಿರುಗಿದಾಗ ಅದು ಗೊತ್ತಾದ ಒಂದು ವೋಲ್ಟೇಜನ್ನು ಒಳಗಿನ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರ್ ನೆನಪಿಟ್ಟುಕೊಂಡದ್ದಕ್ಕೆ ಅದು ಹೊಂದದಿದ್ದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಬಂದ್. ಇಂಜಿನ್ ತಿರುಗುತ್ತದೆ, ಕ್ಷಣ ಹೊತ್ತು ಕೆಮ್ಮಿದಂತೆಯೂ ಮಾಡೀತು, ಆರುತ್ತದೆ. ಡ್ಯಾಷ್‌ಬೋರ್ಡಿನಲ್ಲಿ ಸೆಕ್ಯುರಿಟಿ ದೀಪ ಮಿಣುಕುತ್ತದೆ. ಹಳೆಯ ಭಾಗ ತೆಗೆದು ಹೊಸದು ಹಾಕಿದಾಗ ವೋಲ್ಟೇಜು ಬದಲಾಗಿರಬಹುದು. ಆಗ ಗಾಡಿಯ ಕಣ್ಣಿಗೆ, ಇಪ್ಪತ್ತು ವರ್ಷ ತನ್ನನ್ನು ತೊಳೆದು ಒರೆಸಿ ಆರತಿಯೆತ್ತಿ, ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣಿಟ್ಟ ಯಜಮಾನನೇ ಕಳ್ಳ.

ಇಲ್ಲಿ ರಾಯರ ಪರವಾಗಿ ಒಂದು ಬಲವಾದ ಆಕ್ಷೇಪವಿದೆ. ಕಂಪನಿಯವರನ್ನೂ ಅವರ ವರ್ಕ್‌ಶಾಪನ್ನೂ ಕಣ್ಣುಮುಚ್ಚಿ ನಂಬಬೇಕೇ? ಬೇಡ ಎನ್ನಲು ಇಗ್ನಿಷನ್ ಸ್ವಿಚ್ಚಿನ ಚರಿತ್ರೆಯೇ ಸಾಕು, ಅದರಲ್ಲಿ ನಗುವಂಥದ್ದು ಏನೂ ಇಲ್ಲ. 2014ರಲ್ಲಿ ಡೆಟ್ರಾಯಿಟ್ಟಿನ ಇದೇ ಜನರಲ್ ಮೋಟರ್ಸ್ ಶೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಯಿತು. ಸ್ವಿಚ್ಚಿನೊಳಗಿನ ಸ್ಪ್ರಿಂಗಿನ ಬಿಗಿ ಸಾಲದೆ, ಮಂಡಿ ತಗುಲಿದರೆ ಅಥವಾ ಕೀಗೊಂಚಲು ಭಾರವಾದರೆ ಓಡುವಾಗಲೇ ಕೀ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಂತು, ಅಪಘಾತದಲ್ಲಿ ಏರ್‌ಬ್ಯಾಗೂ ಬಿಚ್ಚುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ದೋಷವಿದ್ದ ಭಾಗವನ್ನು 2006ರಲ್ಲಿ ತಿದ್ದಿದ್ದರು, ಆದರೆ ಪಾರ್ಟ್ ನಂಬರನ್ನು ಮಾತ್ರ ಹಳೆಯದನ್ನೇ ಉಳಿಸಿದ್ದರು. ಹೀಗಾಗಿ ರಾಯರ ಅಪನಂಬಿಕೆಗೆ ಆಧಾರವಿಲ್ಲ ಎನ್ನಲಾಗದು. ಆದರೆ ಆ ಗುಟ್ಟು ಹೊರಬಿದ್ದ ಬಗೆಯನ್ನು ನೋಡಬೇಕು. ಒಂದು ಸಾವಿನ ಮೊಕದ್ದಮೆಗಾಗಿ ಕೆಲಸ ಮಾಡುತ್ತಿದ್ದ ಎಂಜಿನಿಯರೊಬ್ಬರು ಹಳೆಯ ಸ್ವಿಚ್ಚನ್ನೂ ಅಂಗಡಿಯ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕ ಇಟ್ಟು ಬಿಚ್ಚಿ ಅಳೆದರು. ನಂಬರ್ ಒಂದೇ, ಒಳಗಿನ ಅಳತೆ ಬೇರೆ. ರಾಯರ ಬಳಿಯೂ ಹಳೆಯ ಸ್ವಿಚ್ಚಿದೆ. ಎಂದೂ ಏನನ್ನೂ ಎಸೆಯದ ಅವರು ಅದನ್ನು ಕಾಫಿ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮೀಟರ್ ಹಚ್ಚಿ ನೋಡಿಲ್ಲ, ಅಷ್ಟೆ. (ರಿಪೇರಿ ಆಗುವವರೆಗೆ ಗೊಂಚಲಿನಿಂದ ಬೇರೆಲ್ಲ ತೆಗೆದು ಬರೀ ಕೀ ಒಂದನ್ನೇ ಹಾಕಿ ಓಡಿಸಿ ಎಂದು ಆಗ ಕಂಪನಿ ಹೇಳಿತ್ತು. ಹಿತ್ತಾಳೆ ಗಣಪತಿ, ಧರ್ಮಸ್ಥಳದ ಮಂಜುನಾಥ, ಮನೆ, ಆಫೀಸು, ಅಂಚೆಪೆಟ್ಟಿಗೆ ಎಲ್ಲ ನೇತಾಡುವ ನಮ್ಮವರ ಗೊಂಚಲನ್ನು ನೋಡಿದ್ದರೆ ಆ ಸ್ಪ್ರಿಂಗಿಗೂ ಕಣ್ಣೀರು ಬರುತ್ತಿತ್ತು.)

ರಾಯರು ಎಂಜಿನಿಯರಲ್ಲವೇ, ಅವರಿಗೆ ತಿಳಿಯದೇ ಎಂಬುದು ಎರಡನೆಯ ಆಕ್ಷೇಪ. ಎಂಜಿನಿಯರೇ, ಸಂಶಯವಿಲ್ಲ. ಮಿಷಿಗನ್ ರಾಯರಾದರೆ ವಾರೆನ್‌ನಲ್ಲೋ ಡಿಯರ್‌ಬಾರ್ನ್‌ನಲ್ಲೋ ಬಾಗಿಲಿನ ಕಿಟಕಿ ಏರಿಳಿಯುವ ಸಾಫ್ಟ್‌ವೇರ್ ಬರೆಯುತ್ತಾರೆ; ಆ ಕಿಟಕಿಯ ಮೂಲಕ ಇಡೀ ಕಾರನ್ನು ಕಂಡಿದ್ದೇನೆಂದು ನಂಬಿದ್ದಾರೆ. ಶಿಕಾಗೋ ರಾಯರದು ಬ್ಯಾಂಕಿನ ಸಾಫ್ಟ್‌ವೇರು, ಆದ್ದರಿಂದ ಧೈರ್ಯ ಸ್ವಲ್ಪ ಕಡಿಮೆ. ಅದಕ್ಕೆ ಸರ್ಕಾರದ ಭಯವೂ ಕಾರಣ. ಮಿಷಿಗನ್ನಿನಲ್ಲಿ ಗಾಡಿಗೆ ಕಾಲಕಾಲದ ತಪಾಸಣೆಯೇ ಇಲ್ಲ. ಶಿಕಾಗೋ ಸುತ್ತಮುತ್ತ 1996ರಿಂದೀಚಿನ ಗಾಡಿಗಳಿಗೆ ಹೊಗೆ ಪರೀಕ್ಷೆಯಿದೆ, ಬ್ಯಾಟರಿ ಬಿಚ್ಚಿದ ಗಾಡಿಯ ಕಂಪ್ಯೂಟರ್ ತನ್ನ ಸ್ವಂತ ತಪಾಸಣೆಗಳ ಫಲಿತಾಂಶ ಮರೆತಿರುವುದರಿಂದ ಇನ್ನಷ್ಟು ದಿನ ಓಡಿಸಿ ತನ್ನಿ ಎಂದು ವಾಪಸು ಕಳಿಸುತ್ತಾರೆ. ತಿಳುವಳಿಕೆ ಇಬ್ಬರಿಗೂ ಇದೆ. ಪಾಸ್‌ಲಾಕಿನ ಮದ್ದು ಕೂಡ ಇಬ್ಬರಿಗೂ ಗೊತ್ತು, ನನ್ನ ವಾದ ನಿಂತಿರುವುದೇ ಅಲ್ಲಿ.

ಏಕೆಂದರೆ ಆ ಮದ್ದು ಏನೂ ಮಾಡದೆ ಕೂರುವುದು. ಸೆಲ್ಫ್ ಹೊಡೆದು, ಕೀಯನ್ನು ಆನ್‌ನಲ್ಲೇ ಬಿಟ್ಟು, ಸೆಕ್ಯುರಿಟಿ ದೀಪ ತಾನಾಗಿ ಆರುವವರೆಗೆ ಸುಮಾರು ಹತ್ತು ನಿಮಿಷ ಕಾಯಬೇಕು. ಆಫ್ ಮಾಡಿ, ಮತ್ತೆ ಹಾಗೇ, ಒಟ್ಟು ಮೂರು ಸಲ. ಕಂಪ್ಯೂಟರ್ ಹೊಸ ವೋಲ್ಟೇಜನ್ನು ಕಲಿತುಕೊಳ್ಳುತ್ತದೆ. ಸ್ಪ್ಯಾನರ್ ಬೇಡ, ಸ್ಕ್ಯಾನರ್ ಬೇಡ, ಅರ್ಧ ಗಂಟೆ ಸಾಕು. ಭಾರತದಲ್ಲಿ ಹುಟ್ಟಿದವರ ಸರದಿಯಲ್ಲಿ ಗ್ರೀನ್ ಕಾರ್ಡಿಗೆ ಹತ್ತು ವರ್ಷಕ್ಕೂ ಮೇಲೆ ಕಾದ ಮನುಷ್ಯನಿಗೆ ಇದೊಂದು ಲೆಕ್ಕವೇ ಎಂದು ನೀವು ಕೇಳಬಹುದು. ಲೆಕ್ಕವೇ! ಅಲ್ಲಿ ಅವರ ಕೈಗೆ ಎಟುಕುವ ಯಾವ ಸ್ಕ್ರೂ ಇರಲಿಲ್ಲ, ಆದ್ದರಿಂದ ಕಾದರು. ಇಲ್ಲಿ ಕೀ ಕೈಯಲ್ಲೇ ಇದೆ. ಏಳನೆಯ ನಿಮಿಷಕ್ಕೆ ಒಮ್ಮೆ ತಿರುಗಿಸಿ ನೋಡುತ್ತಾರೆ, ಎಣಿಕೆ ಮೊದಲಿನಿಂದ ಶುರು. ಕಾಯುವಾಗ ಬೇಸರವೆಂದು ರೇಡಿಯೋ, ಚಳಿಯೆಂದು ಫ್ಯಾನು, ಬಾನೆಟ್ ಎತ್ತಿ ಇಣುಕಲು ಹೆಡ್‌ಲೈಟು. ಒಳಬಾಗಿಲಿನಿಂದ “ರೀ, ಟೋ ಟ್ರಕ್ಕಿಗೆ ಫೋನ್ ಮಾಡ್ಲಾ?” ಎಂಬ ಧ್ವನಿ, “ಸ್ವಲ್ಪ ಇರೇ, ಇನ್ನೇನು ಆಯ್ತು” ಎಂಬ ಉತ್ತರ. ಇಷ್ಟು ಹೊತ್ತಿಗೆ ಬ್ಯಾಟರಿ ಪೂರ್ತಿ ಡೌನಾಗಿ, ಇದುವರೆಗೆ ತಿರುಗುತ್ತಿದ್ದ ಇಂಜಿನ್ ತಿರುಗುವುದನ್ನೂ ನಿಲ್ಲಿಸುತ್ತದೆ. ಮುಖ ಅರಳಿದ ರಾಯರು ಕೈ ಒರೆಸಿಕೊಂಡು, ಸ್ಟಾರ್ಟರ್ ಮೋಟಾರಿನ ಬೆಲೆ ನೋಡಲು ಒಳಗೆ ಹೋಗುತ್ತಾರೆ.