ಪುಟಪ್ ಮೀಮಾಂಸೆ

ಇಂಗ್ಲಿಷಿನ ‘ಪುಟ್’ ಧಾತುವಿಗೆ ‘ಅಪ್’ ಎಂಬ ಬಾಲ ಅಂಟಿಕೊಂಡಾಗ ಹುಟ್ಟುವ ಅರ್ಥವೇನು ಎಂಬುದು ಇಲ್ಲಿನ ವಿಚಾರ. ಷಟ್ ಮತ್ತು ಆನನ ಸೇರಿ ಷಡಾನನ ಆಗುವ ಜಶ್ತ್ವಸಂಧಿಯ ನ್ಯಾಯದಂತೆ ಇದು ‘ಪುಡಪ್’ ಆಗಬೇಕಿತ್ತು; ನಮ್ಮ ಕಚೇರಿಗಳಲ್ಲಿ ‘ಪುಟಪ್’ ಎಂದೇ ರೂಢಿಯಾಗಿರುವುದರಿಂದ ಪಾಣಿನಿಯನ್ನು ಬದಿಗಿಟ್ಟು ಗುಮಾಸ್ತರನ್ನೇ ಪ್ರಮಾಣವೆಂದು ಸ್ವೀಕರಿಸಲಾಗಿದೆ. ಇಂಥ ಜೋಡುಕ್ರಿಯಾಪದಗಳು ಪರದೇಶದವರಿಗೆ ಬಲು ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಅವನ್ನು ‘ಫ್ರೇಸಲ್ ವರ್ಬ್’ ಎಂದು ಕರೆದು ಆ ಹೆಸರನ್ನು ಪ್ರಚಾರಕ್ಕೆ ತಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ ಬರೆದ 1925ರ ಪುಸ್ತಕ. ತಾವು ಕೊಟ್ಟ ಕಾಟಕ್ಕೆ ನಾಮಕರಣ ಮಾಡಲು ಇಂಗ್ಲಿಷರಿಗೆ 170 ವರ್ಷ ಹಿಡಿಯಿತು.

ನಿಘಂಟುಕಾರರು ಪುಟಪ್‌ಗೆ ಹತ್ತಾರು ಅರ್ಥಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅದು ಅವರ ಹೊಟ್ಟೆಪಾಡು. ವಾಸ್ತವದಲ್ಲಿ ಅರ್ಥ ಒಂದೇ, ಗೃಹಸ್ಥಾಶ್ರಮ. ಇಂಗ್ಲಿಷ್ ಗೃಹಸ್ಥ ಮೊದಲು ದುಡ್ಡು ಪುಟಪ್ ಮಾಡುತ್ತಾನೆ, ಅಂದರೆ ಹೊಂದಿಸುತ್ತಾನೆ. ಆಮೇಲೆ ಮನೆ ಪುಟಪ್, ಅಂದರೆ ಕಟ್ಟೋಣ. ಕಿಟಕಿಗೆ ಪರದೆ ಪುಟಪ್. ಬೇಸಿಗೆಯ ಹಣ್ಣನ್ನು ಸಕ್ಕರೆ ಹಾಕಿ ಕುದಿಸಿ, ಜಾಡಿಗೆ ತುಂಬಿ, ಬಾಯಿ ಬಿಗಿದಿಟ್ಟರೆ ಅದೂ ಪುಟಪ್. ಮನೆ, ಪರದೆ, ಜಾಮು ಮೂರೂ ಸಿದ್ಧವಾದ ಸುದ್ದಿ ತಿಳಿದೊಡನೆ ನೆಂಟ ಬರುತ್ತಾನೆ. ಅವನನ್ನೂ ಪುಟಪ್ ಮಾಡಬೇಕು, ಅಂದರೆ ಉಳಿದುಕೊಳ್ಳಲು ಜಾಗ ಕೊಡಬೇಕು. ನೆಂಟ ಹೊರಡುವ ಮಾತೇ ಎತ್ತದಿದ್ದಾಗ ‘ವಿತ್’ ಬಂದು ಸೇರುತ್ತದೆ. ‘ಪುಟಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ಸತ್ಕಾರಕ್ಕೂ ಸಹನೆಗೂ ನಡುವೆ ಇಷ್ಟೇ ಇಷ್ಟು ಅಂತರವೆಂದು ಯಾವ ಧರ್ಮಶಾಸ್ತ್ರವೂ ಇಷ್ಟು ಚುಟುಕಾಗಿ ಹೇಳಿದಂತಿಲ್ಲ. ಕಡೆಗೆ ಬೇರೆ ದಾರಿ ಕಾಣದೆ ಮನೆಯನ್ನೇ ‘ಪುಟಪ್ ಫಾರ್ ಸೇಲ್’, ಮಾರಾಟಕ್ಕೆ ಇಡುವುದು.

‘ಅಪ್’ ಎಂದರೆ ಮೇಲೆ, ಆದ್ದರಿಂದ ಮೇಲೇರಿಸುವುದೇ ಮೂಲಾರ್ಥ ಎಂಬುದು ಪೂರ್ವಪಕ್ಷ. ಹಾಗಾದರೆ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಕತ್ತಿಯನ್ನು ಪುಟಪ್ ಮಾಡೆಂದು ಯೇಸು ಪೇತ್ರನಿಗೆ ಹೇಳುವಾಗ ಅದು ಸೊಂಟದ ಒರೆಗೆ ಇಳಿಯುವುದೇಕೆ? ಮುಷ್ಟಿ ಪುಟಪ್ ಮಾಡಿದರೆ ಜಗಳ ಶುರು, ಕತ್ತಿ ಪುಟಪ್ ಮಾಡಿದರೆ ಜಗಳ ಮುಕ್ತಾಯ. ಸಂಸಾರದಲ್ಲಿ ಎರಡೂ ಒಂದೇ ದಿನ ನಡೆಯುವುದರಿಂದ ನಮ್ಮ ಸಿದ್ಧಾಂತಕ್ಕೆ ಬಾಧೆಯಿಲ್ಲ. ಇಂಥ ಅಡ್ಡಾದಿಡ್ಡಿತನ ಕನ್ನಡದಲ್ಲಿಲ್ಲ ಎನ್ನುವ ಅಭಿಮಾನಿಗಳು ‘ತಿಂದುಹಾಕಿದ’ವನು ಏನನ್ನು ಎಲ್ಲಿ ಹಾಕಿದ, ‘ಬಿದ್ದುಕೊಂಡ’ವನು ಯಾರಿಂದ ಏನು ಕೊಂಡ ಎಂಬುದನ್ನು ಮೊದಲು ತಿಳಿಸಲಿ.

ಇನ್ನು ಉಳಿದದ್ದು ಸರ್ಕಾರಿ ಕಚೇರಿಯ ಆಕ್ಷೇಪ. ಅಲ್ಲಿ ಮನೆಯೂ ಇಲ್ಲ, ಜಾಮೂ ಇಲ್ಲ. ಆದರೂ ಮೇಲಧಿಕಾರಿ ಅರ್ಜಿಯ ಅಂಚಿನಲ್ಲಿ ‘ಪುಟಪ್’ ಎಂದು ಗೀಚಿ ಮೊಟಕು ಸಹಿ ಹಾಕುತ್ತಾರೆ. ಕನ್ನಡ ಟಿಪ್ಪಣಿಯಲ್ಲಿ ಅದು ‘ಕಡತ ಮಂಡಿಸಿ’. ಆಕ್ಷೇಪ ಮೇಲುನೋಟಕ್ಕೆ ಬಲವಾಗಿದೆ. ಆದರೆ ಕಡತವೆಂಬುದು ಬಂದು ಹೊರಡದ ನೆಂಟನಲ್ಲದೆ ಮತ್ತೇನು? ಸಾಲದ್ದಕ್ಕೆ ‘ಪುಟಪ್ ವಿತ್ ಪ್ರೀವಿಯಸ್ ಪೇಪರ್ಸ್’ ಎಂಬ ಷರಾ ಇದೆ. ಹಿಂದಿನ ಕಾಗದಗಳೊಡನೆ ಮಂಡಿಸಿ ಎಂಬುದು ನಮ್ಮ ಅರ್ಥ. ಲಂಡನ್ನಿನವನು ಓದಿದರೆ ಹಿಂದಿನ ಕಾಗದಗಳನ್ನು ಸಹಿಸಿಕೊಳ್ಳಿ ಎಂದಾಗುತ್ತದೆ. ಎರಡು ಅರ್ಥವೂ ಸಾಧುವೇ. ಆ ಕಾಗದಗಳು ಸಿಗುವ ತನಕ ಕಡತದ್ದು ಪುಟಪ್, ಅರ್ಜಿದಾರನದ್ದು ಪುಟಪ್ ವಿತ್. ಒಪ್ಪದ ವಿದ್ವಾಂಸರು ತಮ್ಮ ಆಕ್ಷೇಪವನ್ನು ಹಿಂದಿನ ಕಾಗದಗಳೊಡನೆ ಮೂರು ಪ್ರತಿಗಳಲ್ಲಿ ಮಂಡಿಸತಕ್ಕದ್ದು.