ಘೃತಾಭಾವ ಮೀಮಾಂಸೆ

ತರ್ಕಶಾಸ್ತ್ರದ ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ನಗುವ ಕಥೆಯೊಂದಿದೆ. ತುಪ್ಪದ ಪಾತ್ರೆ ಹಿಡಿದು ಮನೆಗೆ ಹೊರಟ ತಾರ್ಕಿಕನಿಗೆ ನಡುದಾರಿಯಲ್ಲಿ ಸಂದೇಹ ಹುಟ್ಟಿತು: ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ? ಪಾತ್ರೆಯನ್ನು ಬೋರಲು ಹಾಕಿ ನೋಡಿದ. ಉತ್ತರ ಸಿಕ್ಕಿತು, ತುಪ್ಪ ಹೋಯಿತು. ಪಂಡಿತರು ಇದನ್ನು ದಡ್ಡತನದ ದೃಷ್ಟಾಂತವೆಂದು ಬಗೆದರು. ಪ್ರಸ್ತುತ ಪ್ರಬಂಧದ ದೃಷ್ಟಿಯಲ್ಲಿ ಆತ ಭರತಖಂಡದ ಮೊತ್ತಮೊದಲ ವೀಗನ್. ಜ್ಞಾನಕ್ಕಾಗಿ ಸ್ವಹಸ್ತದಿಂದ ತುಪ್ಪ ತ್ಯಜಿಸಿದ ಬೇರೆ ಯಾರ ದಾಖಲೆಯೂ ಸಿಗುವುದಿಲ್ಲ.

ವೀಗನ್ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬಾತ ಕೆಲವು ಗೆಳೆಯರೊಡನೆ ಸೇರಿ ಮಾಂಸ, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆಯನ್ನೂ ಬಿಟ್ಟು ಒಂದು ಸಂಘ ಕಟ್ಟಿದ. ಬೆಂಗಳೂರಿನಲ್ಲಿ ಈಗ ಈ ಪಂಥದವರಿಗೆ ಕೊರತೆಯಿಲ್ಲ. ಹಸು, ಎಮ್ಮೆಗಳ ಪಾಡು ನೋಡಲಾರದೆ ಬಿಟ್ಟವರಿದ್ದಾರೆ. ಹಾಲು ಕುಡಿದರೆ ಹೊಟ್ಟೆ ಗುಡುಗುವುದರಿಂದ ಬಿಟ್ಟವರಿದ್ದಾರೆ, ಮಗಳು ಬಿಟ್ಟಳೆಂದು ಬಿಟ್ಟ ತಂದೆಯರೂ ಇದ್ದಾರೆ. ಸಂಶೋಧಕರನ್ನು ಬೆರಗುಗೊಳಿಸುವ ಸಂಗತಿ ಬೇರೆ. ಇವರು ಹಸಿದು ಹೊರಬರುವುದು ಮಿಲಿಟರಿ ಹೋಟೆಲಿನಿಂದಲ್ಲ, ‘ಶುದ್ಧ ಸಸ್ಯಾಹಾರಿ’ ಎಂಬ ಫಲಕದ ಕೆಳಗಿಂದ.

ಇದಕ್ಕೆ ರಾಜಶಾಸನದ ಬೆಂಬಲವಿದೆ. ಯಾವುದೇ ಪ್ರಾಣಿಯ ಅಂಶ ಅಥವಾ ಪ್ರಾಣಿಮೂಲದ ಉತ್ಪನ್ನ ಸೇರಿದ ಆಹಾರ ಮಾಂಸಾಹಾರ ಎಂದು ನಮ್ಮ ಆಹಾರ ಸುರಕ್ಷತೆಯ ನಿಯಮಗಳು ಹೇಳುತ್ತವೆ. ಹಾಗೆ ಹೇಳುತ್ತಲೇ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಡುತ್ತವೆ. ಮೀಮಾಂಸಕರು ಇಂಥದ್ದನ್ನು ಉತ್ಸರ್ಗ-ಅಪವಾದ ನ್ಯಾಯ ಎನ್ನುತ್ತಾರೆ. ಮೊದಲು ಎಲ್ಲರಿಗೂ ಒಂದು ವಿಧಿ, ಆಮೇಲೆ ಬೇಕಾದವರಿಗೊಂದು ಕಿಂಡಿ. ಹಸು ಆ ಕಿಂಡಿಯಲ್ಲಿ ತೂರಿಕೊಂಡು ಹಸಿರು ಚುಕ್ಕೆಯ ಒಳಗೆ ಬಂದಿತು, ಕೋಳಿ ಹೊರಗೇ ಉಳಿಯಿತು. 2022ರಲ್ಲಿ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದವು. ಎಲೆ ಮೂಡಿದ ಹಸಿರು ‘ವಿ’ ಅಕ್ಷರದ ಲಾಂಛನವೂ ಬಂತು. ಆದರೆ ಲಾಂಛನ ಪೊಟ್ಟಣದ ಮೇಲೆ ಅಂಟಿಕೊಳ್ಳುತ್ತದೆಯೇ ಹೊರತು ಕಾವಲಿಯ ಮೇಲಿನ ದೋಸೆಗಲ್ಲ.

ಈಗ ಮೂಲ ವಿಷಯಕ್ಕೆ ಬರೋಣ. ಸಮಸ್ಯೆ ತುಪ್ಪದ್ದಲ್ಲ, ತುಪ್ಪದ ಅಭಾವದ್ದು. ಪ್ರಪಂಚದ ಪದಾರ್ಥಗಳು ಏಳು, ಏಳನೆಯದು ಅಭಾವ, ಅದರಲ್ಲಿ ನಾಲ್ಕು ಬಗೆ ಎಂದು ‘ತರ್ಕಸಂಗ್ರಹ’ ಹೇಳುತ್ತದೆ. ಬರೆದವನ ಹೆಸರು ಅನ್ನಂಭಟ್ಟ. ಹೋಟೆಲಿನ ವಿಚಾರಕ್ಕೆ ಇವನಿಗಿಂತ ಯೋಗ್ಯ ಪ್ರಮಾಣಪುರುಷ ಸಿಗಲಾರ. ಅವನ ನಾಲ್ಕೂ ಅಭಾವಗಳನ್ನು ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಒಂದೇ ಬೆಳಿಗ್ಗೆ ಕಾಣಬಹುದು.

ಮೊದಲನೆಯದು ಪ್ರಾಗಭಾವ, ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ‘ಅಣ್ಣ, ಒಂದು ಪ್ಲೇನ್ ದೋಸೆ, ತುಪ್ಪ ಬೇಡ’ ಎಂದು ಗಿರಾಕಿ ಹೇಳುತ್ತಾನೆ. ‘ಇನ್ನೂ ಹಾಕೇ ಇಲ್ವಲ್ಲ ಸಾರ್’ ಎಂದು ಒಳಗಿನಿಂದ ಉತ್ತರ ಬರುತ್ತದೆ. ಮಾತು ನೂರಕ್ಕೆ ನೂರು ಸತ್ಯ. ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಇದೆ ಎಂದು ಶಾಸ್ತ್ರ ಹೇಳುತ್ತದೆ. ಆ ಅಂತ್ಯ ದೋಸೆ ಭಟ್ಟರ ಬಲಗೈಯಲ್ಲಿ, ಉದ್ದ ಮೂತಿಯ ಜಗ್ಗಿನಲ್ಲಿದೆ.

ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ತುಪ್ಪದಲ್ಲಿ ಮಿಂದ ದೋಸೆಯನ್ನು ಗಿರಾಕಿ ಹಿಂದಕ್ಕೆ ತಳ್ಳಿದರೆ ಮಾಣಿ ಕಾಗದದ ಟಿಶ್ಯೂ ಮುಂದಿಡುತ್ತಾನೆ. ‘ಒರೆಸ್ಕೊಂಡ್ಬಿಡಿ ಸಾರ್, ಹೋಗತ್ತೆ.’ ಒರೆಸಿದ ಮೇಲೆ ತುಪ್ಪವಿಲ್ಲ, ಆದ್ದರಿಂದ ತಕರಾರೂ ಇರಕೂಡದು ಎಂಬುದು ಅವನ ಸಿದ್ಧಾಂತ. ಒರೆಸುವ ಕಾಗದ ಅಲ್ಲಿ ಆಗಲೇ ಸಿದ್ಧವಾಗಿರುತ್ತದೆಂಬುದನ್ನು ಗಮನಿಸಬೇಕು. ಕೊಲೆಸ್ಟರಾಲಿನ ಹೆದರಿಕೆಯವರು ಈ ಸಂಪ್ರದಾಯವನ್ನು ಮೊದಲೇ ರೂಢಿಗೆ ತಂದಿದ್ದಾರೆ.

ಮೂರನೆಯದು ಅನ್ಯೋನ್ಯಾಭಾವ, ಅಂದರೆ ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬಂಥ ಭೇದ. ‘ತುಪ್ಪ ಬೇಡ ಅಂದಿದ್ದೆನಲ್ಲ?’ ‘ತುಪ್ಪ ಹಾಕಿಲ್ಲ ಮೇಡಂ, ಅದು ಬೆಣ್ಣೆ.’ ಇಲ್ಲಿ ಮಾಣಿ ಸುಳ್ಳಾಡಿಲ್ಲ. ಬೆಣ್ಣೆಯಲ್ಲಿ ತುಪ್ಪತ್ವ ಇಲ್ಲ, ತುಪ್ಪದಲ್ಲಿ ಬೆಣ್ಣೆತ್ವ ಇಲ್ಲ, ಮೊಸರಿನಲ್ಲಿ ಎರಡೂ ಇಲ್ಲ. ಹಾಲು ಬೇಡವೆಂದವರಿಗೆ ಮಜ್ಜಿಗೆ, ಮಜ್ಜಿಗೆ ಬೇಡವೆಂದವರಿಗೆ ಪನೀರ್, ಪನೀರ್ ಬೇಡವೆಂದವರಿಗೆ ‘ಬರೀ ಫ್ರೆಶ್ ಕ್ರೀಮ್’ ಬರುವುದು ಇದೇ ನ್ಯಾಯದಿಂದ. ಹಾಲಿನ ಸಂತಾನವೆಲ್ಲ ಒಂದೇ ಕುಲ ಎಂಬ ಏಕತ್ವಜ್ಞಾನ ಅಡುಗೆಮನೆಗೆ ಇನ್ನೂ ಆಗಿಲ್ಲ. ಈ ಅರ್ಥದಲ್ಲಿ ಹೋಟೆಲುಗಳೆಲ್ಲ ದ್ವೈತಮತಕ್ಕೆ ಸೇರಿದವು. ಉಡುಪಿಯ ಕಡೆಯಿಂದ ಬಂದವರು ಈ ಉದ್ಯಮವನ್ನು ಕಟ್ಟಿದ್ದು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ನಾಲ್ಕನೆಯದು ಅತ್ಯಂತಾಭಾವ: ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರುವುದಿಲ್ಲ. ವೀಗನ್ ಬೇಡುವುದು ಇದೊಂದನ್ನೇ, ದರ್ಶಿನಿಯಲ್ಲಿ ಸಿಗದಿರುವುದೂ ಇದೊಂದೇ. ಕಾರಣ ಕಾವಲಿಯ ವಿಧಾನದಲ್ಲಿದೆ. ದೋಸೆ ಒಂದೊಂದಾಗಿ ಹುಟ್ಟುವುದಿಲ್ಲ. ಒಂದು ಹೆಂಚಿನ ಮೇಲೆ ಸಾಲುಸಾಲಾಗಿ ಹತ್ತು ಹನ್ನೆರಡು ಒಟ್ಟಿಗೆ ಹರಡುತ್ತವೆ, ಎಲ್ಲದರ ಮೇಲೂ ಒಂದೇ ಬೀಸಿನಲ್ಲಿ ತುಪ್ಪದ ಧಾರೆ ಹರಿಯುತ್ತದೆ. ನಡುವಿನ ಒಂದನ್ನು ಬಿಟ್ಟು ಸುರಿಯಿರಿ ಎನ್ನುವುದು ಮಳೆಗೆ ಒಂದು ಮನೆ ಬಿಟ್ಟು ಸುರಿ ಎಂದ ಹಾಗೆ. ಸಾಲು ಎದ್ದ ಮೇಲೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸುತ್ತಾರೆ. ಅಲ್ಲಿಗೆ ಹಳೆಯ ತುಪ್ಪದ ಪ್ರಧ್ವಂಸವಾಗುತ್ತದೆ, ಅದರ ವಾಸನೆ ಮಾತ್ರ ಉಳಿದಿರುತ್ತದೆ. ಇನ್ನು ಗಲ್ಲಾದಲ್ಲಿ ದುಡ್ಡು ಪಡೆದ ಮನುಷ್ಯನಿಗೆ ಹೇಳಿದ ‘ತುಪ್ಪ ಬೇಡ’ ಚೀಟಿಯ ಮೇಲೆ ಅಚ್ಚಾಗುವುದಿಲ್ಲ. ಚೀಟಿಯಲ್ಲಿ ಇಲ್ಲದ್ದು ಭಟ್ಟರ ಲೋಕದಲ್ಲಿಯೂ ಇಲ್ಲ.

ಪ್ರಮಾಣಗಳ ವಿಚಾರ ಇನ್ನೂ ತೊಡಕಿನದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವ ಹಾಗೆ ದೋಸೆಯ ಮೇಲೆ ಹೊಳಪು ಕಂಡರೆ ತುಪ್ಪವಿದೆಯೆಂದು ಊಹಿಸಬಹುದೇ? ಬಾರದು, ಎಣ್ಣೆಯೂ ಹೊಳೆಯುತ್ತದೆ. ಇದು ಹೇತ್ವಾಭಾಸ. ರವೆ ಇಡ್ಲಿಯಲ್ಲಿ ಹೊಳಪೇ ಇಲ್ಲ, ಆದರೂ ಅದರ ದೇಹದ ತುಂಬ ಮೊಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ರವೆಯಲ್ಲಿ ಇಡ್ಲಿ ಮಾಡುವ ದಾರಿ ಹುಡುಕಿತೆಂದು ಪ್ರಸಿದ್ಧಿ. ಅಕ್ಕಿಯ ಅಭಾವಕ್ಕೆ ಪರಿಹಾರ ಸಿಕ್ಕ ಆ ಗಳಿಗೆಯಲ್ಲೇ ವೀಗನ್ನರ ಪಾಲಿನ ಒಂದು ಇಡ್ಲಿ ಕಡಿಮೆಯಾಯಿತು. ಮಂಗಳೂರು ಬನ್ಸಿನಲ್ಲಿ ಮೊಸರು, ಗೋಳಿಬಜೆಯಲ್ಲಿ ಮೊಸರು ಇಲ್ಲವೆ ಹುಳಿಮಜ್ಜಿಗೆ, ನಾನ್ ಹಿಟ್ಟಿನಲ್ಲಿ ಮೊಸರು. ಪ್ರತ್ಯಕ್ಷಕ್ಕೆ ಸಿಗದ ಇಂಥವಕ್ಕೆ ಉಳಿಯುವುದು ಶಬ್ದಪ್ರಮಾಣ, ಅಂದರೆ ಮಾಣಿಯ ಬಾಯಿಮಾತು. ಆಪ್ತವಾಕ್ಯವೇ ಪ್ರಮಾಣವೆಂದು ಶಾಸ್ತ್ರ ಹೇಳುತ್ತದೆ. ಬೆಳಗಿನ ಎಂಟೂವರೆಯ ನೂಕುನುಗ್ಗಲಿನಲ್ಲಿ ಯಾರಿಗೆ ಯಾರು ಆಪ್ತರು?

ತುಪ್ಪ ಇಷ್ಟು ಹಟ ಹಿಡಿದು ಬೆನ್ನು ಹತ್ತಲು ಕಾರಣವೇನು? ಹೋಟೆಲಿನವರ ಲೆಕ್ಕದಲ್ಲಿ ತುಪ್ಪ ಸಾಮಾನಿನ ಪಟ್ಟಿಗೆ ಸೇರಿದ್ದಲ್ಲ, ಮರ್ಯಾದೆಗೆ ಸೇರಿದ್ದು. ಸಾಲ ಮಾಡಿಯಾದರೂ ತುಪ್ಪ ಕುಡಿ ಎಂದು ಚಾರ್ವಾಕನ ಹೆಸರಿನಲ್ಲೊಂದು ಉಪದೇಶವಿದೆ. ಸಾಲ ಮಾಡಬೇಕಾದಷ್ಟು ಅದು ದುಬಾರಿಯಾಗಿತ್ತೆಂಬುದು ಅದರಲ್ಲೇ ಸ್ಪಷ್ಟ. ಹಳ್ಳಿಯ ರೈತರ ಮನೆಯಲ್ಲಿ ಬೆಣ್ಣೆ ಕಡೆದರೆ ಅದು ಸಂತೆಗೆ ಹೋಗುತ್ತಿತ್ತು, ಮನೆಯವರಿಗೆ ಮಜ್ಜಿಗೆ ಉಳಿಯುತ್ತಿತ್ತು. ಎಲೆಗೆ ಮೊದಲು ತುಪ್ಪ ಸೋಕಿಸದೆ ಮದುವೆಯ ಊಟ ಆರಂಭವಾಗುವುದಿಲ್ಲ, ಮಜ್ಜಿಗೆ ಅನ್ನ ಬಾರದೆ ಮುಗಿಯುವುದಿಲ್ಲ. ಹೀಗಾಗಿ ಪಂಕ್ತಿಯಲ್ಲಿ ಕೂತ ವೀಗನ್ನನ ಊಟಕ್ಕೆ ಶಾಸ್ತ್ರೋಕ್ತವಾಗಿ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ರೊಟ್ಟಿ ಜಾರಿ ತುಪ್ಪಕ್ಕೆ ಬೀಳುವುದನ್ನು ಅದೃಷ್ಟವೆಂದು ತಿಳಿದ ಸಮಾಜದಲ್ಲಿ ಬಿದ್ದ ರೊಟ್ಟಿಯನ್ನು ಎತ್ತಿ ತೊಳೆಯಲು ಹೊರಟವನನ್ನು ಜನ ಹೇಗೆ ನೋಡಿಯಾರು?

ಈ ಮರ್ಯಾದೆ ಅಗ್ಗವಾದದ್ದು ಇತ್ತೀಚೆಗೆ. 1950ರ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 1.7 ಕೋಟಿ ಟನ್ ಹಾಲು ಉತ್ಪಾದನೆಯಾಗುತ್ತಿತ್ತು. 1970ರಲ್ಲಿ ವರ್ಗೀಸ್ ಕುರಿಯನ್ ಅವರ ಮುಂದಾಳತ್ವದಲ್ಲಿ ಕ್ಷೀರಕ್ರಾಂತಿ ಶುರುವಾಯಿತು. 2023-24ರ ಹೊತ್ತಿಗೆ ಉತ್ಪಾದನೆ ಸುಮಾರು 23.9 ಕೋಟಿ ಟನ್ನಿಗೆ ಏರಿತ್ತು. ಕರ್ನಾಟಕದಲ್ಲಿ ನಂದಿನಿಯ ಹಾಲು ಹಳ್ಳಿಹಳ್ಳಿಯ ಸಂಘಗಳಿಂದ ಹರಿದುಬಂತು, 2013ರಿಂದ ಕ್ಷೀರಭಾಗ್ಯವಾಗಿ ಶಾಲೆಯ ಮಕ್ಕಳ ಲೋಟಕ್ಕೂ ಇಳಿಯಿತು. ರೈತರ ಮನೆಗೆ ದುಡ್ಡು ಬಂದದ್ದು ದೊಡ್ಡ ಮಾತು, ಅದನ್ನು ಅಲ್ಲಗಳೆಯುವ ಧೈರ್ಯ ಯಾವ ಪ್ರಬಂಧಕ್ಕೂ ಬೇಡ. ಆದರೆ ಇಡೀ ನಾಡಿನ ಹೊಟ್ಟೆ ಇದಕ್ಕೆ ಒಪ್ಪಿದೆಯೇ ಎಂದು ಯಾರೂ ಕೇಳಲಿಲ್ಲ. ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳುವ ವಂಶವಾಹಿ ಭಾರತದ ವಾಯವ್ಯದಲ್ಲಿ ಹೆಚ್ಚು. ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಅಂದರೆ ದೊಡ್ಡ ಲೋಟದ ಬಾದಾಮಿ ಹಾಲು ಕುಡಿದು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಆಟೋ ಹುಡುಕುತ್ತಿರುವ ಮನುಷ್ಯನ ಅವಸರಕ್ಕೆ ಕೆಲವೊಮ್ಮೆ ಸಾವಿರಾರು ವರ್ಷಗಳ ಇತಿಹಾಸವಿರುತ್ತದೆ.

ಇಲ್ಲೊಂದು ಉಪಸಿದ್ಧಾಂತ. ‘ಅಪ್ಪಟ ತುಪ್ಪದಲ್ಲಿ ಮಾಡಿದ್ದು’ ಎಂದು ಬೋರ್ಡು ಹಾಕಿ ಒಳಗೆ ವನಸ್ಪತಿ ಸುರಿಯುವ ಅಂಗಡಿಯೇ ವೀಗನ್ನನ ನಿಜವಾದ ಬಂಧು. 1937ರ ಸುಮಾರಿಗೆ ಬಂದ ಡಾಲ್ಡಾ ಪೂರ್ತಿ ಗಿಡಮೂಲದ್ದು. ಅದನ್ನು ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲಿ ಎಂದೇ ವನಸ್ಪತಿಯಲ್ಲಿ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸಬೇಕೆಂದು ಸರ್ಕಾರ ನಿಯಮ ಮಾಡಿತ್ತು. ವಂಚನೆ ಹಿಡಿಯಲು ಹೊರಟ ಕಾನೂನು ತಿಳಿಯದೆಯೇ ವೀಗನ್ನನ ಬಾಯಿಗೆ ಎಳ್ಳೆಣ್ಣೆ ಬಿಟ್ಟಿತು. ಪ್ರಾಮಾಣಿಕ ಹೋಟೆಲಿನಲ್ಲಿ ಇವನಿಗೆ ಉಪವಾಸ, ಕಲಬೆರಕೆಯ ಹೋಟೆಲಿನಲ್ಲಿ ಹಬ್ಬ. ನೀತಿಶಾಸ್ತ್ರದವರು ಈ ಗಂಟನ್ನು ಬಿಡಿಸಲಿ.

ಕಾಫಿಯ ಪಾಡು ಬೇರೆಯೇ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ. ಕೊಡಗಿನ ಮನೆಗಳಲ್ಲಿ ಬೆಲ್ಲ ಹಾಕಿದ ಕರಿಕಾಫಿ ಕುಡಿಯುತ್ತಾರೆ, ಯಾರೂ ಅಚ್ಚರಿಪಡುವುದಿಲ್ಲ. ಅದೇ ಬೀಜ ಘಾಟಿ ಇಳಿದು ಬೆಂಗಳೂರಿಗೆ ಬಂದ ಮೇಲೆ ಹಾಲಿಲ್ಲದೆ ಮುಖ ತೋರಿಸುವುದಿಲ್ಲ. ‘ಹಾಲಿಲ್ಲದ ಕಾಫಿ’ ಎಂದರೆ ಕಾಫಿಯವನು ಮೊದಲು ಗಿರಾಕಿಯ ಮುಖ ನೋಡುತ್ತಾನೆ. ‘ಬರೀ ಡಿಕಾಕ್ಷನ್ನಾ? ಹೊಟ್ಟೆಗೆ ಆಗಲ್ಲ ಸಾರ್. ಹುಷಾರಿಲ್ವಾ? ಹಾರ್ಲಿಕ್ಸ್ ಕೊಡ್ಲಾ?’

ಉತ್ತರಕ್ಕೆ ಹೋದರೆ ಅಭಾವದ ಸ್ವರೂಪ ಬದಲಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾಚಟ್ನಿ ಎಲ್ಲ ಅತ್ಯಂತಾಭಾವದ ಮಾದರಿಗಳು, ಯಾರೂ ಕೇಳದೆಯೇ ವೀಗನ್. ಹಳೇ ಮೈಸೂರಿನ ಮುದ್ದೆ-ಬಸ್ಸಾರು, ಕರಾವಳಿಯ ನೀರುದೋಸೆ, ಪತ್ರೊಡೆ, ಬೀದಿಬದಿಯ ಗಿರ್ಮಿಟ್ ಮತ್ತು ಮಿರ್ಚಿ ಬಜ್ಜಿ ಸಾಮಾನ್ಯವಾಗಿ ಇದೇ ಗುಂಪಿನವು. ಬಡವರ ಅಡುಗೆ ಎಂದು ಹೋಟೆಲಿನ ಪಟ್ಟಿಯಿಂದ ಬಹುಕಾಲ ಹೊರಗಿಟ್ಟದ್ದೇ ಹೆಚ್ಚುಕಡಿಮೆ ವೀಗನ್ ಊಟದ ಪಟ್ಟಿಯಾಗಿದೆ. ಖಾನಾವಳಿಯಲ್ಲೂ ಅಪಾಯ ಬರುವುದು ಕೊನೆಗೆ, ಮೊಸರಿನ ಬಟ್ಟಲಿನ ರೂಪದಲ್ಲಿ. ಬೇಡವೆಂದವರಿಗೆ ‘ಮೊಸರ ಬ್ಯಾಡ ಅಂದ್ರ ಹೆಂಗ್ರೀ? ಆರಾಮ ಇಲ್ಲೇನ್ರಿ?’ ಎಂಬ ಕಾಳಜಿ. ಬಿಲ್ಲಿನಲ್ಲಿ ಮಾತ್ರ ಮೊಸರಿನ ಅಭಾವ ಕಾಣುವುದಿಲ್ಲ.

ಕೊನೆಗೆ ಉಪಾಯಗಳು. ಪ್ರಾಣಿದಯೆಯ ವಾದ ಹೋಟೆಲಿನಲ್ಲಿ ನಡೆಯುವುದಿಲ್ಲ, ಗಲ್ಲಾದ ಹಿಂದೆ ಗೋಡೆಯ ಮೇಲೆ ಕಡೆಗೋಲು ಹಿಡಿದ ಉಡುಪಿ ಕೃಷ್ಣನೇ ನಿಂತಿರುತ್ತಾನೆ. ಅಲರ್ಜಿ ಎಂದರೆ ಅರ್ಧ ನಂಬುತ್ತಾರೆ. ‘ಡಾಕ್ಟರು ಬೇಡ ಅಂದಿದ್ದಾರೆ’ ಎಂದರೆ ಪೂರ್ತಿ ನಂಬಿ, ಯಾವ ಕಾಯಿಲೆ, ಯಾವ ಆಸ್ಪತ್ರೆ ಎಂದು ವಿಚಾರಿಸುತ್ತಾರೆ, ಅಷ್ಟರಲ್ಲಿ ತಟ್ಟೆ ತುಪ್ಪದೊಡನೆ ಬಂದಿರುತ್ತದೆ. ಉಳಿದ ಮಾರ್ಗ ಸಂಪ್ರದಾಯದ್ದು. ಚಾತುರ್ಮಾಸ್ಯದಲ್ಲಿ ಮಾಧ್ವರು ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆಕಾಳು ಬಿಡುತ್ತಾರೆ. ದಧಿವ್ರತ, ಕ್ಷೀರವ್ರತಗಳೆಂದು ಹೆಸರೇ ಇದೆ. ಎರಡನ್ನೂ ಒಟ್ಟಿಗೆ ಹಿಡಿದು, ಹನ್ನೆರಡು ತಿಂಗಳಿಗೆ ಹಿಗ್ಗಿಸಿ, ತುಪ್ಪವನ್ನೂ ಸೇರಿಸಿಕೊಂಡರೆ ವೀಗನ್ ಮತ ಸನಾತನವೆಂದು ಸಾಧಿಸಿದಂತಾಯಿತು. ಈ ಸಿದ್ಧಾಂತದ ಬಲದಿಂದ ಸಂಶೋಧಕರೊಬ್ಬರು ದರ್ಶಿನಿಯೊಂದರಲ್ಲಿ ನಿಂತು ‘ನನಗೆ ವ್ರತ ಇದೆಯಪ್ಪ, ನೋಡಿ ಕೊಡು’ ಎಂದರು. ಮಾಣಿಯ ಮುಖದಲ್ಲಿ ಭಕ್ತಿ ಮೂಡಿತು.

‘ವ್ರತಾನಾ? ಮೊದಲೇ ಹೇಳ್ಬಾರ್ದಾ ಸಾರ್! ದೋಸೆ ಬಿಡಿ, ಹಾಲು-ಹಣ್ಣು ತಂದ್ಕೊಡ್ತೀನಿ.’