ಛಲವಂತನಿಗೆ ಕೋಣೆ ಖಾಲಿ ಇಲ್ಲ

ದಿಲ್ಲಿಯ ಮುಖರ್ಜಿ ನಗರದಲ್ಲಿ ಕೋಣೆ ಬಾಡಿಗೆಗೆ ಕೊಡುವವರು ಯುಪಿಎಸ್‌ಸಿಗಿಂತ ಬಿಗಿ. ಅಲ್ಲಿ ಪ್ರಿಲಿಮ್ಸ್, ಮೇನ್ಸ್ ದಾಟಿದ ಮೇಲೆ ಸಂದರ್ಶನ. ಇಲ್ಲಿ ಮೊದಲೇ ಸಂದರ್ಶನ. ತಾರಸಿಯ ಮೇಲಿನ ಬರ್ಸಾತಿ ಕೋಣೆ ನೋಡಿ, ಒಪ್ಪಿ, ಕೆಳಗಿಳಿದು ಕೂತಿದ್ದೆ. ಮಾಲೀಕರು ಚಹಾ ತರಿಸಿದರು, ಬೀಗದ ಕೈ ಗೊಂಚಲನ್ನು ಟೀಪಾಯಿ ಮೇಲಿಟ್ಟರು. "ಎಷ್ಟೋ ಹುಡುಗರು ಐಎಎಸ್ ಅಂತ ಬರ್ತಾರೆ, ಅರ್ಧಕ್ಕೇ ಗಂಟುಮೂಟೆ ಕಟ್ತಾರೆ. ನೀನು ನಿಲ್ತೀಯ ಅಂತ ಏನು ಗ್ಯಾರಂಟಿ?"

ನನ್ನ ಹಿಂದಿ ಅರ್ಧ ದೂರದರ್ಶನದ್ದು, ಉಳಿದರ್ಧ ಹೈಸ್ಕೂಲಿನ ತೃತೀಯ ಭಾಷೆಯದ್ದು. ಮೊದಲು ನಾಲಿಗೆಗೆ ಬಂದದ್ದು 'ಹಠ'. ಬೇಡ, ಜಾತ್ರೆಯಲ್ಲಿ ಪೀಪಿಗಾಗಿ ನೆಲದ ಮೇಲೆ ಉರುಳಾಡುವ ಕೂಸು ಅಂದುಕೊಂಡಾರು. 'ಮೊಂಡುತನ' ವಿಂಧ್ಯ ದಾಟುವ ಪೈಕಿಯಲ್ಲ. 'ಜಿದ್ದು' ನಮ್ಮಲ್ಲಿ ಪಂಚಾಯ್ತಿ ಚುನಾವಣೆಗೂ ಗದ್ದೆಯ ಬದುವಿಗೂ ಮೀಸಲು. ಮರ್ಯಾದಸ್ಥ ಪದವೇ ಇರಲಿ, ಸಂಸ್ಕೃತದ್ದಾದರೆ ಇವರಿಗೂ ತಿಳಿದೀತು ಎಂದು ಎದೆಯುಬ್ಬಿಸಿ ಹೇಳಿದೆ: "ಅಂಕಲ್, ಮುಝ್‌ಮೇ ಬಹುತ್ ಛಲ್ ಹೈ."

ಕಪ್ಪು ಅವರ ತುಟಿಯ ಹತ್ತಿರವೇ ನಿಂತಿತು. "ಕ್ಯಾ ಹೈ?"

"ಛಲ್, ಅಂಕಲ್. ಬಚ್‌ಪನ್ ಸೇ." ಬೆರಗಾದರು ಎಂದುಕೊಂಡು, ನಮ್ಮಪ್ಪನಿಗೂ ಇತ್ತು, ನಮ್ಮ ಮನೆತನದಲ್ಲೇ ಇದೆ ಎಂದೂ ಸೇರಿಸಿದೆ. ಬೀಗದ ಕೈ ಗೊಂಚಲು ಸದ್ದಿಲ್ಲದೆ ಟೀಪಾಯಿಯಿಂದ ಅವರ ಕುರ್ತಾದ ಜೇಬಿಗೆ ಇಳಿಯಿತು.

ಹಿಂದಿಯಲ್ಲಿ ಛಲ ಎಂದರೆ ಮೋಸ. ಸಂಸ್ಕೃತದಲ್ಲೂ ಹಾಗೇ. ನ್ಯಾಯಸೂತ್ರ ಎಣಿಸುವ 16 ಪದಾರ್ಥಗಳಲ್ಲಿ ಛಲವೂ ಒಂದು: ಎದುರಾಳಿಯ ಮಾತನ್ನು ಬೇಕೆಂದೇ ತಿರುಚುವ ವಿದ್ಯೆ. ಒಬ್ಬ ತನ್ನ 'ನವಕಂಬಲ' ಎಂದು ಹೊಸ ಕಂಬಳಿ ತೋರಿಸಿದರೆ, ಮಿಕ್ಕ ಎಂಟು ಎಲ್ಲಿ ಎಂದು ಕೇಳುವುದು ಛಲ. ಕನ್ನಡಕ್ಕೆ ಬರುವಾಗ ಈ ಪದ ತುಂಗಭದ್ರೆಯಲ್ಲಿ ಮಿಂದು ಪಾಪ ಕಳೆದುಕೊಂಡಿರಬೇಕು.

ಅಂಕಲ್ ಪಾಪ, ಅರ್ಥ ಬಿಡಿಸಿಯೇ ಹೇಳಿದರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಕೋಣೆ ಸಿಗುತ್ತಿತ್ತೋ ಏನೋ. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಿಮ್ಮ ಅರ್ಥವೇ ಸರಿಯಿಲ್ಲ ಎಂದೆ. ಹಿಂದಿಯವರಿಗೆ ಹಿಂದಿ ಕಲಿಸಲು ಕೂತು, ಸಾಕ್ಷಿಗೆ ಪಂಪನನ್ನು ಕರೆದೆ. ನಮ್ಮ ಆದಿಕವಿ, ಕ್ರಿ.ಶ. 941ರ ಕಾವ್ಯ, ಅದರ ಕೊನೆಯಲ್ಲಿ ಭಾರತದ ಯಾವ ವೀರ ಯಾವುದಕ್ಕೆ ಹೆಸರಾದ ಎಂದು ಹೇಳುವಾಗ ಛಲಕ್ಕೆ ಯಾರನ್ನು ಹೆಸರಿಸಿದ್ದಾನೆ ಗೊತ್ತೇ?

"ಯಾರನ್ನು?"

"ದುರ್ಯೋಧನನನ್ನು!"

ಅಂಕಲ್ ತಲೆದೂಗಿದರು. "ನಮ್ಮ ಕಡೆಯೂ ಅವನನ್ನೇ, ಬೇಟಾ."

ಒಳಗಿಂದ ಆಂಟಿ ಬಂದು ಚಹಾದ ಕಪ್ಪು ಎತ್ತಿಕೊಂಡು ಹೋದರು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.

ಕೊನೆಗೆ ಕಿಟಕಿಯಿಲ್ಲದ ಒಂದು ಕೋಣೆ ಬೇರೆ ಗಲ್ಲಿಯಲ್ಲಿ ಸಿಕ್ಕಿತು. ಅದರ ಮಾಲೀಕರಿಗೆ ಕಿವಿ ಮಂದ. ಪಂಪನೇ ಸರಿ ಎಂಬ ನನ್ನ ವಾದವನ್ನಂತೂ ಇವತ್ತಿಗೂ ಬಿಟ್ಟಿಲ್ಲ. ದಿಲ್ಲಿಗೆ ಹೊರಟ ತಮ್ಮ ತಂಗಿಯರೇ, ಅಲ್ಲಿ ಯಾರಾದರೂ ಕೇಳಿದರೆ 'ಲಗನ್' ಇದೆ ಎನ್ನಿ. 'ಜಿದ್ದೀ' ಎಂದರೂ ನಡೆದೀತು, ಹೆಚ್ಚೆಂದರೆ ಮುಂಗಡ ಜಾಸ್ತಿ ಕೇಳಿಯಾರು. ಛಲ ಮಾತ್ರ ಊರಲ್ಲೇ ಬಿಟ್ಟು ಹೋಗಿ.